ಡ್ರಿಲ್ ಮೇಷ್ಟ್ರ ಕೈಗೆ ಕೊಟ್ಟ ಸೀಟಿ

ಗುಬ್ಬಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಬೆಳ್ಳಿಹಬ್ಬದ ದಿನ ಹಳೆಯ ವಿದ್ಯಾರ್ಥಿಗಳ ಸಂಘವು ನಿವೃತ್ತ ಅಧ್ಯಾಪಕರನ್ನೆಲ್ಲ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸಿತು. ಡ್ರಿಲ್ ಮೇಷ್ಟ್ರ ಕೈಗೆ ಮಾತ್ರ ಒಂದು ಸೀಟಿ ಕೊಟ್ಟು, ಮಕ್ಕಳನ್ನು ಸಾಲಾಗಿ ಕೂರಿಸಲು ಬಿಸಿಲಿಗೆ ಕಳುಹಿಸಿತು. ಅವರು ಕರೆಯದೆ ಬಂದವರಲ್ಲ. ಗುರುವಂದನೆ ಎಂದು ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆಯನ್ನು ಸಂಘವೇ ಅವರ ಮನೆಗೆ ಕಳುಹಿಸಿತ್ತು. ಕಾರ್ಯಕ್ರಮ ಮುಗಿಯುವವರೆಗೆ ಅವರ ಹೆಸರನ್ನು ಯಾರೂ ಕೂಗಲಿಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಇದೇ ಸಂಘ ಈಗ ಸ್ಮರಣ ಸಂಚಿಕೆ ತರುತ್ತಿದೆ. ಕಾರ್ಯದರ್ಶಿ ನನ್ನ ಮನೆಗೆ ಬಂದು, "ಸಾರ್, ನಿಮ್ ಜೊತೇಲಿ ಕೆಲ್ಸ ಮಾಡಿದ ಯಾರಾದ್ರೂ ಒಬ್ರ ಬಗ್ಗೆ ಬರ್ಕೊಡಿ. ಸ್ವಲ್ಪ ತಮಾಷೆ ಇರ್ಲಿ, ಜನ ಓದ್ತಾರೆ" ಎಂದ. ಬರೆದಿದ್ದೇನೆ. ತಮಾಷೆ ಇದ್ದ ಕಡೆ ತಮಾಷೆಯೂ ಇದೆ. ಆದರೆ ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅಂದು ವೇದಿಕೆಯಿಂದ ಕೂಗದ ಹೆಸರನ್ನು ಇಂದು ಅಚ್ಚಿನಲ್ಲಿ ಕಂಡು ಸಮಾಧಾನಪಟ್ಟುಕೊಳ್ಳುವ ಅನುಕೂಲವನ್ನು ಸಂಘಕ್ಕೆ ಒದಗಿಸಲು ನನಗೆ ಮನಸ್ಸಿಲ್ಲ.

ಗುಬ್ಬಿ ಪೇಟೆಯ ಒಂದು ಸಾಬರ ಮನೆತನ ಅವರದು. ತಂದೆ ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬಿನವರು. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ನಮ್ಮೆಲ್ಲರದೇ ಕನ್ನಡ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಚರಿತ್ರೆ, ಭೂಗೋಳ ಹೇಳಿಕೊಡಲು ಆ ಶಾಲೆಗೆ ಬಂದಾಗ ಅವರು ಆಗಲೇ ಅಲ್ಲಿದ್ದರು. ಎತ್ತರದ ಆಳು, ಬಿಳಿ ಪ್ಯಾಂಟು, ಬಿಳಿ ಅರ್ಧ ತೋಳಿನ ಶರಟು, ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟಿಗೆ ಅವರು ಪಾಲಿಶ್ ಕೊಂಡವರಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಕೊಠಡಿಗಳನ್ನೆಲ್ಲ ಸುತ್ತಿ, ನಾವು ಬರೆದು ಬಿಸಾಡಿದ ಸೀಮೆಸುಣ್ಣದ ಚೂರುಗಳನ್ನು ಆರಿಸಿ ತಂದು, ನೀರಿನಲ್ಲಿ ನೆನೆಸಿ ಬೂಟಿಗೆ ಬಳಿಯುತ್ತಿದ್ದರು. ಒಮ್ಮೆ ನನಗೆ ಕಾಲು ತೋರಿಸಿ, "ನಿಮ್ಮ ಮೌರ್ಯರು, ಗುಪ್ತರು ಎಲ್ಲಾ ನನ್ ಬೂಟ್ ಮೇಲೇ ಅವ್ರೆ ನೋಡಿ ಸಾರ್. ಮಳೆ ಬಂದ್ರೆ ಸಾಮ್ರಾಜ್ಯ ಎಲ್ಲಾ ಕೊಚ್ಕೊಂಡ್ ಹೋಗ್ತದೆ" ಎಂದಿದ್ದರು.

ಅಧ್ಯಾಪಕರ ಕೊಠಡಿಯಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಇದನ್ನು ನಾನು ಹೋಲಿಕೆಗಾಗಿ ಹೇಳುತ್ತಿಲ್ಲ, ನಿಜವಾಗಿಯೂ ಇರಲಿಲ್ಲ. ಅವರ ಜಾಗವೆಂದರೆ ಮುರಿದ ಬೆಂಚುಗಳನ್ನೂ ಸುಣ್ಣದ ಬಕೆಟ್ಟನ್ನೂ ಇಟ್ಟಿದ್ದ ಒಂದು ಮೂಲೆಕೋಣೆ. ಅಧ್ಯಾಪಕರ ಸಭೆ ನಡೆದರೆ ಅವರು ಬಾಗಿಲ ಪಕ್ಕ ನಿಲ್ಲುತ್ತಿದ್ದರು. ಫಲಿತಾಂಶದ ಮಾತು ಬಂದ ಕೂಡಲೇ ಮುಖ್ಯೋಪಾಧ್ಯಾಯರು, "ಡ್ರಿಲ್ ಮೇಷ್ಟ್ರೆ, ನೀವ್ ಹೊರಗೆ ಹುಡುಗ್ರನ್ನ ನೋಡ್ಕೊಳ್ಳಿ, ಇದು ಪಾಠದ ವಿಷ್ಯ" ಎನ್ನುತ್ತಿದ್ದರು. ಅವರು ಹೊರಗೆ ಹೋಗಿ ನೋಡಿಕೊಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಾಲೆಗೆ ಎಷ್ಟು ಫಸ್ಟ್ ಕ್ಲಾಸ್ ಬಂತೆಂಬ ಹೆಮ್ಮೆಯಲ್ಲಿ ನಾವೆಲ್ಲ ಪಾಲು ತೆಗೆದುಕೊಳ್ಳುವಷ್ಟು ಹೊತ್ತು, ಆ ಹೆಮ್ಮೆಗೆ ಕಾರಣರಾದ ಹುಡುಗರು ಮೈದಾನದಲ್ಲಿ ಅವರ ಎದುರಿಗೆ ಇರುತ್ತಿದ್ದರು.

ಜನವರಿ ಬಂತೆಂದರೆ ಹತ್ತನೆಯ ತರಗತಿಯ ಆಟದ ಪೀರಿಯಡ್ಡನ್ನು ಗಣಿತದವರು ನುಂಗುವುದು ಎಲ್ಲ ಶಾಲೆಗಳ ಹಾಗೆ ನಮ್ಮಲ್ಲಿಯೂ ಪದ್ಧತಿ. ಒಂದು ವರ್ಷ ಅವರು ಬಿಟ್ಟುಕೊಡಲಿಲ್ಲ.

"ಪ್ರಮೇಯ ಇನ್ನೂ ಮುಗ್ದಿಲ್ಲ ಕಣ್ರೀ" ಎಂದರು ಗಣಿತದ ಮೇಷ್ಟ್ರು. "ನಿಮ್ದೇನು, ಇವತ್ತಲ್ಲ ನಾಳೆ ಕುಪ್ಪಳ್ಸಿದ್ರಾಯ್ತು."

ಡ್ರಿಲ್ ಮೇಷ್ಟ್ರು ನೇರವಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋದರು. ನಾನು ಹಾಜರಿ ಪುಸ್ತಕಕ್ಕೆ ರುಜು ಹಾಕುತ್ತ ಅಲ್ಲೇ ಇದ್ದೆ.

"ಸಾರ್, ನಾನು ಯಾವತ್ತಾದ್ರೂ ಬಂದು, ಕಬಡ್ಡಿ ಪೋರ್ಷನ್ ಮುಗ್ದಿಲ್ಲ, ಒಂದು ಲೆಕ್ಕದ ಪೀರಿಯಡ್ ಕೊಡ್ಸಿ ಅಂತ ಕೇಳಿದೀನಾ?"

ನನಗೆ ನಗು ತಡೆಯಲಾಗಲಿಲ್ಲ. ಮುಖ್ಯೋಪಾಧ್ಯಾಯರು ನಗಲಿಲ್ಲ. "ಆಟದಿಂದ ಅನ್ನ ಬರುತ್ತೇನ್ರೀ?" ಎಂದು ಕೇಳಿ ಫೈಲು ತೆರೆದರು. ಆ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಡ್ರಿಲ್ ಮೇಷ್ಟ್ರನ್ನು ಕುಣಿಗಲ್ಲಿಗೆ ಡೆಪ್ಯುಟೇಶನ್ ಮೇಲೆ ಕಳುಹಿಸಲಾಯಿತು. ಆದೇಶದಲ್ಲಿದ್ದ ಮಾತು 'ಆಡಳಿತದ ಅನುಕೂಲಕ್ಕಾಗಿ' ಎಂದು. ಯಾರ ಅನುಕೂಲ ಎಂಬುದನ್ನು ಆದೇಶ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಕುಣಿಗಲ್ಲಿನಿಂದ ಭಾನುವಾರಗಳಂದು ಮನೆಗೆ ಬಂದಾಗ ಸಿಗುತ್ತಿದ್ದರು. ಹೇಗಿದೆ ಎಂದು ಕೇಳಿದೆ. "ಚೆನ್ನಾಗೈತೆ ಸಾರ್. ಸಂಜೆ ಹೊತ್ತು ಕುದುರೆ ಫಾರಂ ಬೇಲಿ ಪಕ್ಕ ನಿಂತ್ಕೊಂಡು ನೋಡ್ತೀನಿ. ಮರಿಗಳನ್ನ ಸುಮ್ನೆ ಓಡಕ್ಕೆ ಬಿಡ್ತಾರೆ. ಪೋರ್ಷನ್ ಮುಗ್ದಿಲ್ಲ ಅಂತ ಯಾರೂ ಕಟ್ ಹಾಕಲ್ಲ" ಎಂದರು. ಅವರ ಬಾಯಿಂದ ನಾನು ಕೇಳಿದ ಅತಿ ಕಟುವಾದ ಮಾತು ಅದೇ. ಅದನ್ನೂ ನಗುತ್ತಲೇ ಹೇಳಿದರು.

ಆ ಮುಖ್ಯೋಪಾಧ್ಯಾಯರಿಗೆ ವರ್ಗವಾದ ಮೇಲೆ ಡ್ರಿಲ್ ಮೇಷ್ಟ್ರು ನಮ್ಮಲ್ಲಿಗೆ ಮರಳಿದರು. ಆಗಿನಿಂದ ಅವರಿಗೆ ಒಂದು ಮರೆವು ಹತ್ತಿಕೊಂಡಿತೆಂದು ನಾವೆಲ್ಲ ತಿಳಿದೆವು. ಅದು ಸೀಟಿಯ ಮರೆವು. ನಾವು ವಿಶಲ್ ಎನ್ನುವುದನ್ನು ಅವರು ಸೀಟಿ ಎನ್ನುತ್ತಿದ್ದರು. ಅವರ ಮಾತನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಬೆಳಗಿನ ಪ್ರಾರ್ಥನೆ ಮುಗಿದು ಸಾಲುಗಳು ಚದುರುವಾಗ ಯಾವನಾದರೂ ಒಬ್ಬ ಹುಡುಗನನ್ನು ನಿಲ್ಲಿಸಿ, "ಲೇ, ಸೀಟಿ ಮನೇಲೇ ಬಿಟ್ಬಂದಿದೀನಿ, ಓಡೋಗಿ ಈಸ್ಕೊಂಡ್ ಬಾರ್ಲಾ" ಎನ್ನುತ್ತಿದ್ದರು. ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇತ್ತು. ಹೋದ ಹುಡುಗ ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬರುತ್ತಿದ್ದ. ಇವರು ಗದರುತ್ತಿರಲಿಲ್ಲ. ಮತ್ತೊಂದು ದಿನ ಮತ್ತದೇ. ವಿಜ್ಞಾನದ ಮೇಷ್ಟ್ರು, "ಕೊರಳಿಗೆ ಕಟ್ಕೊಳ್ರೀ ಅದನ್ನ, ನಿಮ್ಗೂ ನೆಮ್ದಿ, ಹುಡುಗ್ರಿಗೂ ನೆಮ್ದಿ" ಎಂದು ಛೇಡಿಸುತ್ತಿದ್ದರು. "ವಯಸ್ಸಾಯ್ತಲ್ಲ ಸಾರ್, ತಲೆ ನಿಲ್ಲಲ್ಲ" ಎಂದು ಇವರು ತಲೆ ಕೆರೆದುಕೊಳ್ಳುತ್ತಿದ್ದರು. ಅಧ್ಯಾಪಕರ ಕೊಠಡಿಗೆ ಅದೊಂದು ನಿತ್ಯದ ನಗೆ.

ಇನ್ನು ರಿಲೇ ಓಟದ ವಿಷಯ. ಬ್ಯಾಟನ್ ಕೊಳ್ಳಲು ಶಾಲೆಯಲ್ಲಿ ದುಡ್ಡಿಲ್ಲವೆಂದಾಗ ಅವರು ಮುರಿದ ಕುರ್ಚಿಯ ಕಾಲೊಂದನ್ನು ಬಡಗಿಯ ಹತ್ತಿರ ಉರುಟು ಮಾಡಿಸಿ ತಂದರು. ಶಾಲೆ ಅವರಿಗೆ ಕೊಟ್ಟ ಕುರ್ಚಿಯೆಂದರೆ ಆ ಒಂದು ಕಾಲು. ಅದನ್ನೇ ಹಿಡಿದು ಹುಡುಗರು ವರ್ಷಗಟ್ಟಲೆ ಓಡಿದರು. ಈಗ ಸಂಘದ ಕಾರ್ಯದರ್ಶಿಯಾಗಿರುವವನು ಆಗ ಕಡಬದ ಆಚೆಯ ಹಳ್ಳಿಯಿಂದ ಬರುತ್ತಿದ್ದ, ಕಾಲು ಬಿಟ್ಟರೆ ಮೈಯಲ್ಲಿ ಏನೂ ಇಲ್ಲದ ಹುಡುಗ. ಕೊನೆಯ ಓಟಗಾರ ಅವನೇ.

ಕೋಲು ತೆಗೆದುಕೊಳ್ಳುವ ಕ್ರಮವನ್ನು ಅವನಿಗೆ ಕಲಿಸಲು ಮೇಷ್ಟ್ರು ಪಟ್ಟ ಪಾಡನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಹುಡುಗ ಪ್ರತಿ ಸಲವೂ ಹಿಂದಿರುಗಿ ನೋಡುತ್ತಿದ್ದ. ನೋಡಿದರೆ ಓಟ ಕುಂದುತ್ತದೆ.

"ತಿರುಗ್ ನೋಡ್ಬೇಡ ಕಣೋ. ಕೈ ಹಿಂದಕ್ಕೆ ಚಾಚು, ಅಂಗೈ ಬಿಡ್ಸು, ಓಡ್ತಾ ಇರು. ಕೊಡೋನು ಬಂದೇ ಬರ್ತಾನೆ."

"ಬರ್ದಿದ್ರೆ ಸಾ?"

"ಬರ್ತಾನೆ ಕಣ್ಲಾ. ನಂಬು."

ಇದು ಎಲ್ಲ ಡ್ರಿಲ್ ಮೇಷ್ಟ್ರುಗಳೂ ಹೇಳಿಕೊಡುವ ಪಾಠ. ಇವರಲ್ಲಿ ಎರಡನೆಯದೊಂದು ಪಾಠವಿತ್ತು. ಅದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೆರೆ ಮುಟ್ಟಿದ ಮೇಲೆ ಕೊನೆಯವನು ಕುಣಿದಾಡಕೂಡದು. ಕೋಲು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ತನಗೆ ಕೊಟ್ಟವನ ಮುಖ ನೋಡಿ ಅವನ ಕೈಗೆ ಕೊಡಬೇಕು. ಅವನು ತನಗೆ ಕೊಟ್ಟವನಿಗೆ. ಹೀಗೆ ಕೋಲು ಮೊದಲು ಓಡಿದವನ ಕೈ ಸೇರಬೇಕು. ಸೋತರೂ ಸರಿ, ಗೆದ್ದರೂ ಸರಿ. "ಓಡೋವಾಗ ನೋಡಲಿಲ್ವಲ್ಲ, ಈಗ ನೋಡು ಅವನ ಮುಖಾನ" ಎನ್ನುತ್ತಿದ್ದರು.

ತುಮಕೂರಿನ ಜಿಲ್ಲಾ ಕ್ರೀಡಾಕೂಟಕ್ಕೆ ಆ ತಂಡದ ಜೊತೆ ನಾನೂ ಹೋಗಿದ್ದೆ. ಪಟ್ಟಣದ ಶಾಲೆಯ ಹುಡುಗರ ಕಾಲಲ್ಲಿ ಮೊಳೆ ಬೂಟು, ನಮ್ಮವರದು ಬರಿಗಾಲು. ಕಡಬದ ಕಡೆಯ ಹುಡುಗ ಕೋಲು ಕೈಗೆ ಬಿದ್ದದ್ದೇ ತಡ, ಎಲ್ಲರನ್ನೂ ಹಿಂದೆ ಹಾಕಿದ. ಮೈಕಿನಲ್ಲಿ ಗೆದ್ದ ತಂಡವನ್ನು ಕರೆದರೆ ವೇದಿಕೆಯ ಹತ್ತಿರ ಯಾರೂ ಇಲ್ಲ. "ಗುಬ್ಬಿ ತಾಲ್ಲೂಕಿನೋರು ಎಲ್ಲಿಗೋದ್ರು? ಬಸ್ ಹತ್ತುಬುಟ್ರಾ?" ಎಂದು ಮೈಕಿನವನು ತಮಾಷೆ ಮಾಡಿದ. ನಮ್ಮ ಹುಡುಗರು ಮೈದಾನದ ಆ ತುದಿಯಲ್ಲಿ ಕುರ್ಚಿಯ ಕಾಲನ್ನು ಒಬ್ಬರಿಗೊಬ್ಬರು ಹಿಂದಿರುಗಿಸುತ್ತ ನಡೆದಿದ್ದರು. ಜನ ನಕ್ಕರು. ಡ್ರಿಲ್ ಮೇಷ್ಟ್ರು ನಗಲಿಲ್ಲ. ಅವರ ಕಣ್ಣು ಕೋಲಿನ ಮೇಲಿತ್ತು.

ಆ ಗೆಲುವಿನ ಛಾಯಾಚಿತ್ರ ಈ ಸಂಚಿಕೆಯ ಮೊದಲ ಪುಟಕ್ಕೆ ಬರುತ್ತದೆಂದು ಕೇಳಿದ್ದೇನೆ. ನಡುವೆ ಶೀಲ್ಡು, ಅದರ ಹಿಂದೆ ಕುರ್ಚಿಯಲ್ಲಿ ಹೊಸ ಮುಖ್ಯೋಪಾಧ್ಯಾಯರು, ಅಕ್ಕಪಕ್ಕ ಗಣಿತ, ವಿಜ್ಞಾನ. ಒಂದು ಕೊನೆಗೆ ನಾನೂ ಇದ್ದೇನೆ. ಡ್ರಿಲ್ ಮೇಷ್ಟ್ರು ಇಲ್ಲ. "ನೀವ್ ಈ ಕಡೆ ನಿಂತ್ಕೊಂಡು ಹುಡುಗ್ರನ್ನ ನೆಟ್ಟಗ್ ನಿಲ್ಸಿ" ಎಂದು ಕ್ಯಾಮೆರಾದವನು ಅವರನ್ನು ತನ್ನ ಪಕ್ಕಕ್ಕೆ ಕರೆದುಕೊಂಡಿದ್ದ. ಚಿತ್ರ ನಿಮ್ಮ ಕೈಗೆ ಬಂದಾಗ ದಯವಿಟ್ಟು ಹುಡುಗರ ಕಣ್ಣುಗಳನ್ನು ನೋಡಿ. ಒಬ್ಬನೂ ಕ್ಯಾಮೆರಾದ ಕಡೆಗೆ ನೋಡುತ್ತಿಲ್ಲ. ಎಲ್ಲರೂ ಅದರಿಂದ ಸ್ವಲ್ಪ ಆಚೆಗೆ, ಚಿತ್ರದೊಳಕ್ಕೆ ಬಾರದ ಒಬ್ಬರನ್ನು ನೋಡುತ್ತಿದ್ದಾರೆ.

ಹೀಗೆ ಬೆಳ್ಳಿಹಬ್ಬದ ಅವಮಾನಕ್ಕೆ ಅಭ್ಯಾಸ ಬಹಳ ಹಿಂದಿನಿಂದಲೇ ನಡೆದಿತ್ತು.

ನಿವೃತ್ತರಾದ ಮೇಲೆ ಅವರು ತುಮಕೂರಿಗೆ ಹೋಗಿ ನೆಲೆಸಿದ್ದರು. ಆ ದಿನ ಬೆಳಗಿನ ಬಸ್ಸಿಗೇ ಬಂದರು. ಅದೇ ಬಿಳಿ ಬಟ್ಟೆ, ಬಿಳಿ ಬೂಟು. ಜೊತೆಯಲ್ಲಿ ಬುರ್ಖಾ ಧರಿಸಿದ್ದ ಅವರ ಮನೆಯವರು. ಹಿಂದಿನ ಬೀದಿಯಲ್ಲೇ ಅಷ್ಟು ಕಾಲ ಸಂಸಾರ ಮಾಡಿದರೂ ಆಕೆ ಶಾಲೆಯ ಗೇಟು ದಾಟಿದ್ದು ಅದೇ ಮೊದಲು. "ಇವ್ರನ್ನೂ ಕರ್ಕೊಂಡ್ ಬಂದೆ ಸಾರ್" ಎಂದರು ನನಗೆ. "ಇಷ್ಟ್ ವರ್ಷ ನಾನು ಇಲ್ಲಿ ಏನ್ ಕೆಲ್ಸ ಮಾಡ್ತಿದ್ದೆ ಅಂತ ಒಂದ್ಸಲ ನೋಡ್ಲಿ ಅಂತ." ಆಕೆ ನನ್ನ ಮನೆಯಾಕೆಯ ಪಕ್ಕ, ಹೆಂಗಸರ ಸಾಲಿನಲ್ಲಿ ಕುಳಿತರು.

ನಾವಿಬ್ಬರೂ ವೇದಿಕೆಯ ಮೆಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ಕಾರ್ಯದರ್ಶಿ ಓಡಿ ಬಂದ. ಈಗವನು ತುಮಕೂರಿನ ಸದಾಶಿವನಗರದಲ್ಲಿ ಮನೆ ಕಟ್ಟಿಸಿರುವ ದೊಡ್ಡ ಕಂಟ್ರಾಕ್ಟರು. ಆಟದಿಂದ ಅನ್ನ ಬರುತ್ತೇನ್ರೀ ಎಂದು ಕೇಳಿದವರು ಬದುಕಿದ್ದರೆ ಅವನನ್ನು ತೋರಿಸಬಹುದಿತ್ತು. ಕ್ರೀಡಾ ಕೋಟಾದಲ್ಲಿ ಸಿಕ್ಕ ಕಾಲೇಜು ಸೀಟಿನಿಂದಲೇ ಅವನ ಬದುಕು ತಿರುಗಿದ್ದು.

"ಅರೆ, ಬಂದ್ರಾ ಸಾರ್, ದೇವ್ರು ಬಂದಂಗ್ ಬಂದ್ರಿ" ಎಂದು ಅವರ ಕೈ ಹಿಡಿದ. "ಹುಡುಗ್ರು ಕಂಟ್ರೋಲ್‌ಗೇ ಸಿಗ್ತಿಲ್ಲ. ಚೀಫ್ ಗೆಸ್ಟು ಗುಬ್ಬಿ ಬಿಟ್ಟವ್ರಂತೆ. ಒಂಚೂರು ಲೈನಲ್ಲಿ ಕೂರಿಸ್ಬುಡಿ. ವಿಶಲ್ ತಂದಿಲ್ವಾ? ತಗಳಿ." ಜೇಬಿನಿಂದ ಹೊಸ ಸೀಟಿಯೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟ.

ಅವನ ಮುಖದಲ್ಲಿ ಕಪಟ ಇರಲಿಲ್ಲ. ಅದನ್ನು ಒಪ್ಪುತ್ತೇನೆ, ಆದರೆ ಅದರಿಂದ ಅಪರಾಧ ಕಡಿಮೆಯಾಗುತ್ತದೆಂದು ಒಪ್ಪುವುದಿಲ್ಲ. ಡ್ರಿಲ್ ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಹೆಂಗಸರ ಸಾಲಿನ ಕಡೆ ನೋಡಿದರು. ಆಮೇಲೆ ಸೀಟಿ ಬಾಯಿಗಿಟ್ಟು ಮೈದಾನಕ್ಕಿಳಿದರು.

ಅತಿಥಿಗಳು ಬಂದದ್ದು ತಡವಾಗಿ. ಶಾಮಿಯಾನ ವೇದಿಕೆಗೂ ದೊಡ್ಡವರಿಗೂ, ಮಕ್ಕಳಿಗೆ ಬಯಲು. ಡ್ರಿಲ್ ಮೇಷ್ಟ್ರು ಸಾಲು ಸಾಲಿನ ನಡುವೆ ಓಡಾಡುತ್ತ, ಕೊಡದಲ್ಲಿ ನೀರು ತರಿಸಿ ಕುಡಿಸುತ್ತ, ಬಿಸಿಲಿಗೆ ಬಾಡಿದವರನ್ನು ಹುಣಸೆಮರದ ನೆರಳಿಗೆ ಸರಿಸುತ್ತ ಇದ್ದರು. ವೇದಿಕೆಯ ಮೇಲೆ ಒಬ್ಬೊಬ್ಬರ ಹೆಸರೂ ಕೂಗಲಾಯಿತು. ಆಟದ ಪೀರಿಯಡ್ ನುಂಗಿದ ಗಣಿತದವರಿಗೆ ಶಾಲು ಬಂತು. ನನಗೂ ಬಂತು. ನಾನು ಕಾರ್ಯದರ್ಶಿಯನ್ನು ಹತ್ತಿರ ಕರೆದು, "ಡ್ರಿಲ್ ಮೇಷ್ಟ್ರನ್ನ ಕರೀಲಿಲ್ಲ" ಎಂದೆ.

"ಕರೀತೀವಿ ಸಾರ್. ಅವ್ರು ಅಲ್ಲಿ ಬಿಜಿ ಅವ್ರೆ. ಅವ್ರು ಈಗ ಎದ್ದು ಬಂದ್ರೆ ಹುಡುಗ್ರೆಲ್ಲ ಎದ್ಬುಡ್ತವೆ."

ಮತ್ತೊಮ್ಮೆ ಹೇಳಿದೆ. "ಆಯ್ತು ಸಾರ್, ಆಯ್ತು" ಎಂದ. ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು. ಶಾಮಿಯಾನದವರಿಗೆ, ಮೈಕ್ ಸೆಟ್ಟಿನವರಿಗೆ, ಅಡಿಗೆಯವರಿಗೆ ಕೃತಜ್ಞತೆ ಸಲ್ಲಿತು. ನನ್ನ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ನಾನು ಕೆಳಗಿಳಿದೆ. ನಾನು ತೋರಿಸಬಲ್ಲ ಪ್ರತಿಭಟನೆ ಅಷ್ಟೇ ಆಗಿತ್ತು. ಮಾರನೆಯ ದಿನ ಶಾಲೆಯ ಜವಾನ ಅದನ್ನು ಮನೆಗೆ ತಂದುಕೊಟ್ಟು, "ಮರ್ತ್ ಬುಟ್ ಬಂದಿದ್ರಂತೆ ಸಾ" ಎಂದ.

ಹೆಂಗಸರ ಸಾಲಿನಲ್ಲಿ ನಡೆದದ್ದನ್ನು ನನ್ನ ಮನೆಯಾಕೆ ಆಮೇಲೆ ಹೇಳಿದಳು. ಪ್ರತಿ ಹೆಸರು ಕೂಗಿದಾಗಲೂ ಮೇಷ್ಟ್ರ ಮನೆಯವರು ನೆಟ್ಟಗೆ ಕೂರುತ್ತಿದ್ದರಂತೆ. "ಮುಂದಿನ್ದು ನಮ್ಮೋರ್ದೇ ಇರ್ಬೇಕು ಅಲ್ವಾಮ್ಮ?" ಎಂದು ಎರಡು ಮೂರು ಸಲ ಕೇಳಿದರಂತೆ. ಆಮೇಲೆ ಕೇಳುವುದನ್ನು ಬಿಟ್ಟರಂತೆ. ಸುಮಾರು ಹೊತ್ತಿನ ನಂತರ ಮೈಕಿನ ಮುಂದಿದ್ದ ಕಾರ್ಯದರ್ಶಿಯನ್ನು ಗುರುತಿಸಿ, "ಈ ಹುಡ್ಗ ಸೀಟಿ ಕೇಳ್ಕೊಂಡು ನಮ್ಮನೇಗೆ ಬರ್ತಿದ್ದ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದರಂತೆ.

ಸೀಟಿಯ ಮರೆವಿನ ನಿಜ ನಮಗೆ ತಿಳಿದದ್ದು ಹಾಗೆ. ಸೀಟಿ ಯಾವಾಗಲೂ ಮೇಷ್ಟ್ರ ಜೇಬಿನಲ್ಲೇ ಇರುತ್ತಿತ್ತು. ಪ್ರಾರ್ಥನೆಯ ಸಾಲಿನಲ್ಲಿ ಯಾವ ಹುಡುಗನಾದರೂ ಬರಿಹೊಟ್ಟೆಯಲ್ಲಿ ನಿಂತಿದ್ದಾನೆಂದು ಕಂಡರೆ ಅವನನ್ನು ಮನೆಗೆ ಓಡಿಸುತ್ತಿದ್ದರು. ಸೀಟಿ ಕೇಳಿಕೊಂಡು ಬಂದವನು ಹಸಿದು ಬಂದವನೆಂದು ಆಕೆಗೆ ಗೊತ್ತು. ಜಗಲಿಯಲ್ಲಿ ಕೂರಿಸಿ, ಪರದೆಯ ಹಿಂದಿನಿಂದ ರೊಟ್ಟಿಯ ತಟ್ಟೆ ಚಾಚಿ, ತಿಂದಾದ ಮೇಲೆ, "ಇಲ್ಲೆಲ್ಲೂ ಕಾಣ್ತಿಲ್ಲ ಕಣಪ್ಪ, ಅವ್ರ ಜೇಬಲ್ಲೇ ಐತೇನೋ ನೋಡ್ಕೊಳಕ್ ಹೇಳು" ಎಂದು ಕಳುಹಿಸುತ್ತಿದ್ದರು. ಕೇಳಿ ಉಂಡೆನೆಂಬ ಸಂಕೋಚ ಹುಡುಗನಿಗೆ ಇರಬಾರದು. ಅದಕ್ಕಾಗಿ ಇವರು ಇಡೀ ಅಧ್ಯಾಪಕ ವರ್ಗದ ನಗೆಗೆ ಗುರಿಯಾದರು. ಹಾಗೆ ಉಂಡವನೇ ಅಂದು, "ವಿಶಲ್ ತಂದಿಲ್ವಾ" ಎಂದು ಕೇಳಿದ್ದು.

ಕಾರ್ಯಕ್ರಮ ಮುಗಿದಾಗ ಕಾರ್ಯದರ್ಶಿ ಅತಿಥಿಗಳ ಕಾರಿನ ಬಾಗಿಲ ಬಳಿ ಬಗ್ಗಿ ಮಾತಾಡುತ್ತಿದ್ದ. ಡ್ರಿಲ್ ಮೇಷ್ಟ್ರು ಅವನ ಹಿಂದೆ ಹೋಗಿ ನಿಂತು, "ತಗೋಪ್ಪ, ನಿನ್ ಸೀಟಿ" ಎಂದರು. ಅವನು ಮಾತು ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ. ಬಲಗೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಡಿಸಿದ. ಅವರು ಅದರಲ್ಲಿ ಸೀಟಿ ಇಟ್ಟರು. ಬೆರಳು ಮುಚ್ಚಿಕೊಂಡವು. ಅಷ್ಟು ವರ್ಷಗಳಾದರೂ ಭಂಗಿ ಒಂದಿಷ್ಟೂ ತಪ್ಪಿರಲಿಲ್ಲ.

ನಾನೂ ನನ್ನ ಮನೆಯಾಕೆಯೂ ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆದೆವು. ನಾನು ಸಂಘವನ್ನು ಬಯ್ಯುತ್ತಿದ್ದೆ. ಅವರು, "ಒಬ್ಬ ಹುಡುಗನೂ ಬಿಸ್ಲಿಗೆ ಬೀಳ್ಲಿಲ್ಲ ಸಾರ್. ಹಿಂದಿನ ಸಾಲು ಒಂಚೂರು ಸೊಟ್ಟ ಆಗಿತ್ತು, ಬಿಟ್ರೆ ಚೆನ್ನಾಗೇ ಕೂತಿದ್ವು" ಎಂದರು. ಬಸ್ಸು ಬಂದಾಗ ಅವರ ಮನೆಯವರು, "ಆ ಹುಡ್ಗ ಮೈ ತುಂಬ್ಕೊಂಡವ್ನೆ. ಪರ್ವಾಗಿಲ್ಲ" ಎಂದಷ್ಟೇ ಹೇಳಿ ಹತ್ತಿದರು. ಆ ಔದಾರ್ಯ ನನಗಿಲ್ಲ, ಇರಬೇಕೆಂದೂ ಅನ್ನಿಸಿಲ್ಲ.

ಅವರು ಸಾಬರಾದ್ದರಿಂದ ಹೀಗಾಯಿತೆಂದು ಒಬ್ಬರು ನನ್ನೆದುರು ಪಿಸುಗುಟ್ಟಿದರು. ಅಲ್ಲ. ಉರ್ದು ಮೇಷ್ಟ್ರಿಗೆ ಅಂದು ಎಲ್ಲರಂತೆಯೇ ಶಾಲು ಬಂದಿತ್ತು. ಕಾರಣ ಅದಕ್ಕಿಂತ ಸಾಮಾನ್ಯವಾದದ್ದು, ನಮ್ಮೆಲ್ಲರಿಗೂ ಸೇರಿದ್ದು. ಡ್ರಿಲ್ ಮೇಷ್ಟ್ರು ಗುರುವಲ್ಲ. ಸಮಾರಂಭದ ದಿನ ಸಾಲು ನೇರ ಮಾಡುವ ಮನುಷ್ಯ. ಅವರನ್ನು ಹಾಗಲ್ಲದೆ ಬೇರೆ ರೀತಿ ನೋಡುವುದು ಈ ಶಾಲೆಯಲ್ಲಿ ಓದಿದ ಯಾರಿಗೂ ಬರುವುದಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಕಾರ್ಯದರ್ಶಿಗೆ ಹೇಳಿದವನು ನಾನೇ. ಅವನು ನಿಜವಾಗಿಯೂ ನೊಂದುಕೊಂಡ. "ಅಯ್ಯೋ ಪಾಪ, ಒಳ್ಳೆ ಮನುಷ್ಯ" ಎಂದ. ಸ್ವಲ್ಪ ಯೋಚಿಸಿ ಕೇಳಿದ: "ಬೆಳ್ಳಿಹಬ್ಬಕ್ಕೆ ಬಂದಿದ್ರಾ ಸಾರ್ ಅವ್ರು?"

ಈ ಬರಹವನ್ನೇ ಅವನು ಉತ್ತರವೆಂದು ಇಟ್ಟುಕೊಳ್ಳಲಿ. ನನ್ನದೂ ಒಂದು ಪ್ರಶ್ನೆಯಿದೆ. ಅದು ಕಾರ್ಯದರ್ಶಿಗೆ, ಸಂಘಕ್ಕೆ, ಆ ಮೈದಾನದಲ್ಲಿ ಓಡಿ ದೊಡ್ಡವರಾದ ನಿಮಗೆಲ್ಲ. ಕೋಲು ಕೈಗೆ ಬೀಳುವವರೆಗೆ ಹಿಂದಿರುಗಿ ನೋಡಬಾರದೆಂಬ ಮೊದಲನೆಯ ಪಾಠವನ್ನು ನೀವು ಒಂದಿಷ್ಟೂ ಮರೆತಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓಟ ಮುಗಿದ ಮೇಲೆ ಹಿಂದಕ್ಕೆ ನಡೆದು, ಕೊಟ್ಟವರ ಮುಖ ನೋಡಬೇಕೆಂಬ ಎರಡನೆಯ ಪಾಠವನ್ನೂ ಅದೇ ಮನುಷ್ಯ, ಅದೇ ಮೈದಾನದಲ್ಲಿ, ಅದೇ ಕುರ್ಚಿಯ ಕಾಲು ಹಿಡಿಸಿ ನಿಮಗೆ ಕಲಿಸಿದ್ದರಲ್ಲ, ಅದನ್ನು ಮರೆಯಬಹುದೆಂದು ನಿಮಗೆ ಹೇಳಿದವರು ಯಾರು?